ಓಲೆ, ಅಚ್ಚು, ಅಂತರ್ಜಾಲ: ನೇತ್ರಾವತಿ ತೀರದ ಕಥನ ಪರಂಪರೆಯಲ್ಲಿ ಸಂವಹನದ ಪ್ರಶ್ನೆ

ಮಂಗಳೂರಿನಿಂದ ಬಂಟ್ವಾಳದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ನೇತ್ರಾವತಿಯ ಉತ್ತರ ದಂಡೆಯ ಮೇಲಿರುವ ಊರು ಫರಂಗಿಪೇಟೆ. ಪೋರ್ಚುಗೀಸರ ಸಂಪರ್ಕವನ್ನು ಸೂಚಿಸುವ ಹೆಸರು ಅದು; ಇಲ್ಲಿಯ ಮೊಂತೆ ಮರಿಯಾನೊ ಮಠದ ಆರಂಭವನ್ನು ಕ್ರೈಸ್ತ ಪರಂಪರೆ 1526ನೆಯ ಇಸವಿಗೆ ಒಯ್ಯುತ್ತದೆ. ಪೇಟೆಯಲ್ಲಿ ಒಂದು ಗಳಿಗೆ ನಿಂತರೆ ನಾಲ್ಕು ಭಾಷೆಗಳು ಕಿವಿಗೆ ಬೀಳುತ್ತವೆ. ಮೀನು ಕೊಳ್ಳುವವರ ಚೌಕಾಸಿ ತುಳುವಿನಲ್ಲಿ ನಡೆದರೆ ಪಕ್ಕದ ಅಂಗಡಿಯಾತ ಮನೆಯವರೊಡನೆ ಬ್ಯಾರಿ ಭಾಷೆಯಲ್ಲಿ ಮಾತನಾಡುತ್ತಾನೆ. ಇಗರ್ಜಿಯಿಂದ ಹೊರಬಂದವರು ಕೊಂಕಣಿಯಲ್ಲಿ ಸುದ್ದಿ ಹೇಳುತ್ತ ಬಸ್ಸಿಗೆ ಕಾಯುತ್ತಾರೆ. ಬಸ್ಸಿನ ಫಲಕ, ಪಂಚಾಯತಿನ ನೋಟೀಸು, ಶಾಲೆಯ ಪುಸ್ತಕ ಮಾತ್ರ ಕನ್ನಡದವು. ಇಂಥ ಊರಿನ ಬದುಕನ್ನು ಕನ್ನಡದಲ್ಲಿ ಕಾದಂಬರಿಯಾಗಿಸುವವನು ಮೊದಲ ಪುಟದಿಂದಲೇ ಅನುವಾದಕನೂ ಆಗಿರಬೇಕಾಗುತ್ತದೆ. ಕರಾವಳಿಯ ಲೇಖಕರು ಒಂದು ಶತಮಾನಕ್ಕೂ ಮೀರಿ ಈ ಕೆಲಸವನ್ನು ಎಷ್ಟು ಸಹಜವಾಗಿ ಮಾಡಿಕೊಂಡು ಬಂದಿದ್ದಾರೆಂದರೆ, ಅದೊಂದು ಅನುವಾದವೆಂಬುದೇ ಓದುಗರಿಗೆ ಮರೆತುಹೋಗಿದೆ. ಜನರ ಮಾತುಕತೆಯ ದೊಡ್ಡ ಪಾಲು ಮೊಬೈಲ್ ಫೋನಿನೊಳಕ್ಕೆ ಸರಿದಿರುವ ಈ ಕಾಲದಲ್ಲಿ ಮರೆತ ಆ ಸಂಗತಿ ಮತ್ತೆ ಎದುರು ಬಂದು ನಿಂತಿದೆ.

ಅಂತರ್ಜಾಲದ ಮೇಲಿನ ಬದುಕು ಜಗತ್ತಿನ ಬೇರೆ ಬೇರೆ ಭಾಷೆಗಳಲ್ಲಿ ಕಾದಂಬರಿಯ ವಸ್ತುವಾಗಿ ಎರಡು ದಶಕಗಳು ಸಂದಿವೆ. ಆಸ್ಟ್ರಿಯಾದ ಡೇನಿಯಲ್ ಗ್ಲಾಟೌವರ್ 2006ರಲ್ಲಿ ಇಬ್ಬರ ಇ-ಮೇಲ್‌ಗಳಿಂದಲೇ ಒಂದು ಪ್ರೇಮ ಕಾದಂಬರಿಯನ್ನು ಹೆಣೆದನು. ಅಮೆರಿಕದ ಡೇವ್ ಎಗ್ಗರ್ಸ್‌ನ ‘ದ ಸರ್ಕಲ್’ (2013) ಎಲ್ಲವನ್ನೂ ಎಲ್ಲರಿಗೂ ತೋರಿಸಬೇಕೆನ್ನುವ ಒಂದು ಕಂಪೆನಿಯ ಕಥೆ. ಕೋಲ್ಕತ್ತಾವನ್ನು ಹಿನ್ನೆಲೆಯಾಗಿಸಿಕೊಂಡ ಮೇಘಾ ಮಜುಂದಾರ್ ಅವರ ‘ಎ ಬರ್ನಿಂಗ್’ (2020) ಭಾರತೀಯ ಓದುಗರಿಗೆ ಇನ್ನೂ ಹತ್ತಿರದ್ದು. ಅಲ್ಲಿ ಕೊಳಚೆ ಪ್ರದೇಶದ ಮುಸ್ಲಿಮ್ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದ ಒಂದು ವಾಕ್ಯ ಆಕೆಯನ್ನು ಸೆರೆಮನೆಗೆ ತಳ್ಳುತ್ತದೆ. ಈ ಸಾಲಿನಲ್ಲಿ ಕನ್ನಡ ಕಾದಂಬರಿಯನ್ನು ಹುಡುಕಹೊರಟರೆ ದೊರಕುವ ಸಾಮಗ್ರಿ ವಿರಳ. ಲೇಖಕರು ಹಳಬರು, ಓದುಗರು ಹಳಬರು, ಆದ್ದರಿಂದ ವಸ್ತುವೂ ಹಳತು ಎಂಬ ವಿವರಣೆ ಸುಲಭವಾಗಿ ಸಿಗುತ್ತದೆ. ಆದರೆ ಹೊಸ ಸಂವಹನ ಸಾಧನಗಳನ್ನು ಈ ನೆಲದ ಕಥನವು ಹಿಂದೆ ಹೇಗೆ ಒಳಗೊಂಡಿತು ಎಂಬುದನ್ನು ನೋಡಿದರೆ ಆ ವಿವರಣೆ ನಿಲ್ಲುವುದಿಲ್ಲ.

ತುಳು ಪಾಡ್ದನಗಳು ಬಾಯಿಂದ ಬಾಯಿಗೆ ಬಂದವು. ಅವುಗಳನ್ನು ಹಾಡಿದವರಲ್ಲಿ ಬಹುಪಾಲು ಮಂದಿ ಅಕ್ಷರ ಬಲ್ಲವರಲ್ಲ. ಹಾಗಿದ್ದೂ ಅವುಗಳಲ್ಲಿ ಓಲೆಗೆ ದೊಡ್ಡ ಸ್ಥಾನವಿದೆ. ಸಾವು, ಹುಟ್ಟು, ಮದುವೆ, ಜಗಳ ಯಾವುದೇ ಇರಲಿ, ಸುದ್ದಿ ಹೋಗಬೇಕಾದಾಗ ತಾಳೆಗರಿ ತರಿಸುತ್ತಾರೆ. ಅದರ ಬುಡ ತುದಿಗಳನ್ನು ಕಡಿದು ನಡುಭಾಗವನ್ನು ಉಳಿಸಿಕೊಳ್ಳುತ್ತಾರೆ. ಒಣಗಿಸಿ, ಬರೆಯಿಸಿ, ಓಲೆಯ ಮಾಣಿಯ ಕೈಗೆ ಕೊಡುತ್ತಾರೆ. ಈ ವಿವರಗಳು ಒಂದು ಸಿದ್ಧ ಸೂತ್ರವಾಗಿ ಪಾಡ್ದನದಿಂದ ಪಾಡ್ದನಕ್ಕೆ ಸಾಗಿಬಂದಿವೆ. ಬೆಳ್ತಂಗಡಿ ತಾಲೂಕಿನ ಉಜಿರೆಯ ಸಮೀಪದ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹೇಳಿ ಬರೆಯಿಸಿದ ಸಿರಿ ಪಾಡ್ದನವು 15,683 ಸಾಲುಗಳದು. ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆಗೂಡಿ ಅದನ್ನು 1998ರಲ್ಲಿ ಪ್ರಕಟಿಸಿದರು. ಬರವಣಿಗೆಯ ಲೋಕಕ್ಕೆ ಹೊರಗಿದ್ದ ಕಥನವೊಂದು ಬರವಣಿಗೆಯ ಸಾಧನವನ್ನು ಕೈಕೆಲಸದ ಒಂದೊಂದು ಹಂತದ ಸಮೇತ ತನ್ನ ಲಯಕ್ಕೆ ಒಗ್ಗಿಸಿಕೊಂಡ ಬಗೆ ಇಲ್ಲಿ ಕಾಣುತ್ತದೆ. ಓಲೆಯು ಪಾಡ್ದನದ ವಸ್ತು ಮಾತ್ರವಾಗಿ ಉಳಿಯಲಿಲ್ಲ. ಅದರ ಹಾಡಿಕೆಯ ಒಂದು ಘಟಕವೇ ಆಯಿತು. ಹೊಸ ಸಾಧನವೊಂದು ಕಥನಕ್ಕೆ ನಿಜವಾಗಿ ಒಳಬಂದಿದೆಯೇ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ದೊರೆಯಲಾರದು.

ಅಚ್ಚಿನ ಕಥೆ ಬೇರೆ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ. ಹರ್ಮನ್ ಮೊಗ್ಲಿಂಗ್‌ನ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂದು ಕನ್ನಡದ ಮೊದಲ ಪತ್ರಿಕೆಯೆನಿಸಿತು. ಅದೇ ಊರಿನಿಂದ ಕನ್ನಡದ ಮೊದಲ ಸಾಮಾಜಿಕ ಕಾದಂಬರಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, ಹೊರಬಂದದ್ದು 1899ರಲ್ಲಿ. ಮುದ್ರಣಾಲಯಕ್ಕೂ ಕಾದಂಬರಿಗೂ ನಡುವೆ 58 ವರ್ಷಗಳ ಅಂತರವಿದೆ. ಪತ್ರಿಕೆ ಓದುವ, ಪತ್ರಿಕೆಗೆ ಬರೆಯುವ, ಕಚೇರಿ ಕಾಗದಗಳಲ್ಲಿ ಬದುಕುವ ಒಂದು ವರ್ಗ ಮೊದಲು ಹುಟ್ಟಬೇಕಾಗಿತ್ತು. ಪೊಲೀಸ್ ಇಲಾಖೆಯ ಅಧಿಕಾರಿಯಾಗಿದ್ದ ವೆಂಕಟರಾಯರು ಆ ವರ್ಗಕ್ಕೆ ಸೇರಿದವರು. ಬಾಲವಿಧವೆಯ ಮರುಮದುವೆ, ವಿಲಾಯತಿಗೆ ಹೋದವನ ಮೇಲಿನ ಬಹಿಷ್ಕಾರ, ಲಂಚಕೋರ ಅಧಿಕಾರಿಗಳು, ಕಪಟ ಸಂತರು ಇವೆಲ್ಲ ಆ ಕಾದಂಬರಿಯ ವಿಷಯಗಳೆಂದು ಚರಿತ್ರಕಾರರು ಪಟ್ಟಿಮಾಡಿದ್ದಾರೆ. ಅದಕ್ಕೆ ಇನ್ನೊಂದನ್ನು ಸೇರಿಸಬೇಕು: ಜನರ ಬಾಯಿ. ಒಬ್ಬರ ಮನೆಯೊಳಗಿನ ಸಂಗತಿ ಇನ್ನೊಬ್ಬರ ಜಗಲಿಗೆ ತಲಪುವಾಗ ಹೇಗೆ ರೂಪ ಬದಲಿಸುತ್ತದೆ, ಜಾತಿಯ ಸಭೆಗೆ ಅದು ಯಾವ ಬಣ್ಣ ತಾಳಿ ಹೋಗುತ್ತದೆ ಎಂಬುದು ಬಹಿಷ್ಕಾರದ ಕಥೆಯೆಲ್ಲದರ ಬೆನ್ನೆಲುಬು. ಇಂದು ಪರದೆಯ ಮೇಲೆ ನಡೆಯುವ ಮಾನಹಾನಿಯನ್ನು ಕಾದಂಬರಿಯಾಗಿಸಬೇಕೆನ್ನುವವರು ಗುಲ್ವಾಡಿಯವರ ಪುಟಗಳನ್ನು ಇನ್ನೊಮ್ಮೆ ತಿರುವಿ ನೋಡುವುದರಲ್ಲಿ ಲಾಭವಿದೆ.

ಗುಲ್ವಾಡಿಯವರ ಸಮಕಾಲೀನನೇ ಆದ ಮುದ್ದಣನ (1870-1901) ಸಂಗತಿ ಇದಕ್ಕಿಂತ ವಿಚಿತ್ರವಾದದ್ದು. ನಂದಳಿಕೆಯ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದುಕೊಂಡು, ತಾನೇ ಬರೆದ ಕೃತಿಗಳನ್ನು ಹಿಂದಿನ ಕಾಲದ ಯಾವನೋ ಕವಿಯದೆಂಬಂತೆ ಅಂಚೆಯಲ್ಲಿ ಮೈಸೂರಿನ ಪ್ರಕಾಶಕರಿಗೆ ಕಳುಹಿಸಿದನು. ಅಲ್ಲಿಯ ವಿದ್ವಾಂಸರು ಹಾಗೆಂದೇ ನಂಬಿ ಅಚ್ಚು ಹಾಕಿಸಿದರು. ಮುಖ ಕಾಣದ ದೂರ, ಅಂಚೆಯ ಅನುಕೂಲ, ಅಚ್ಚಿನ ಗೌರವ ಈ ಮೂರೂ ಸೇರಿದಾಗ ಮನುಷ್ಯನೊಬ್ಬ ಬೇರೊಬ್ಬನಾಗಿ ಬಾಳಬಲ್ಲನೆಂಬುದಕ್ಕೆ ಕರಾವಳಿಯ ಸಾಹಿತ್ಯ ಚರಿತ್ರೆಯಲ್ಲೇ ಹೀಗೊಂದು ನಿದರ್ಶನವಿದೆ. (ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ‘ಕವಿಶಿಷ್ಯ’ನೆಂದು ಬರೆದದ್ದು ಬೇರೆ ಬಗೆಯದು, ಅದು ಗುಟ್ಟಲ್ಲ, ವಿನಯ.) ಸುಳ್ಳು ಹೆಸರಿನ ಖಾತೆಗಳು ಅಂತರ್ಜಾಲದ ಸೃಷ್ಟಿಯೆಂದು ಭಾವಿಸುವವರು ಈ ಸಂಗತಿಯನ್ನು ನೆನೆಯಬೇಕು. ಮುದ್ದಣನ ಮರೆವೇಷ ಯಾರಿಗೂ ಕೇಡು ಮಾಡಲಿಲ್ಲವೆಂಬುದೂ, ಅದರ ಬೆಲೆಯನ್ನು ಅವನೊಬ್ಬನೇ ತೆತ್ತನೆಂಬುದೂ ಅಷ್ಟೇ ನಿಜ.

ಕಾದಂಬರಿಗೆ ಕನ್ನಡದ ಪಕ್ಕದಲ್ಲೇ ಬೇರೆ ಮನೆಗಳೂ ಇದ್ದವು. ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚಾಗುವ ಕೊಂಕಣಿಯ ‘ರಾಕ್ಣೊ’ ವಾರಪತ್ರಿಕೆ 1938ರಲ್ಲಿ ಆರಂಭವಾಯಿತು. ವಿ.ಜೆ.ಪಿ. ಸಲ್ಡಾನ್ಹಾ ಅವರು ಟಿಪ್ಪುವಿನ ಕಾಲದ ಸೆರೆಯ ಹಿನ್ನೆಲೆಯಲ್ಲಿ ಬರೆದ ‘ಬೆಳ್ತಂಗಡಿಚೊ ಬಾಲ್ತಜಾರ್’ ಕೊಂಕಣಿ ಓದುಗರಿಗೆ ಮನೆಮಾತಾದ ಕಾದಂಬರಿ. ಎಸ್.ಯು. ಪಣಿಯಾಡಿಯವರ ‘ಸತಿ ಕಮಲೆ’ಯಿಂದ ತುಳು ಕಾದಂಬರಿ ಮೊದಲಾಯಿತು. ಇವುಗಳಲ್ಲಿ ಪಾತ್ರಗಳು ತಮ್ಮ ಮಾತನ್ನೇ ಆಡುತ್ತವೆ. ಆದರೆ ವಿಶ್ವವಿದ್ಯಾಲಯ, ಪ್ರಶಸ್ತಿ, ಗ್ರಂಥಾಲಯ, ರಾಜ್ಯದ ಓದುಗ ಸಮುದಾಯ ಇವೆಲ್ಲ ಕನ್ನಡದಲ್ಲಿದ್ದುದರಿಂದ ಕರಾವಳಿಯ ಮಹತ್ವಾಕಾಂಕ್ಷೆಯ ಕಾದಂಬರಿ ಕನ್ನಡವನ್ನೇ ಆರಿಸಿಕೊಂಡಿತು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾಸರಗೋಡಿನ ಮಲೆಯಾಳ ಮಾತಿನ ಮುಸ್ಲಿಮ್ ಕುಟುಂಬಗಳ ಕಥೆ. ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಾಗ ರಾಜ್ಯದಾದ್ಯಂತದ ಓದುಗರು ಅದನ್ನು ಕನ್ನಡದ್ದೆಂದೇ ಸ್ವೀಕರಿಸಿದರು. ತಂದೆಯ ಹಠದಿಂದ ಬೇರೆಯಾದ ಗಂಡಹೆಂಡಿರು ಒಬ್ಬರ ಮಾತನ್ನೊಬ್ಬರು ನೇರವಾಗಿ ಕೇಳಲಾಗದಿರುವುದು ಆ ಕಾದಂಬರಿಯ ದುರಂತದ ತಿರುಳು. ನಾದಿರಾಳ ಕೈಯಲ್ಲಿ ಒಂದು ಫೋನು ಇದ್ದಿದ್ದರೆ ಎಂದು ಇಂದಿನ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ಬಾಲಿಶವಾದದ್ದಲ್ಲ. ಸಂವಹನದ ಸಾಧನ ಬದಲಾದಾಗ ಕಾದಂಬರಿಯ ಸಂಧಿಸ್ಥಾನಗಳೇ ಬದಲಾಗುತ್ತವೆ. ತಡವಾಗಿ ತಲಪಿದ ಪತ್ರ, ಕೇಳಿಸದೆ ಹೋದ ಮಾತು, ಮಧ್ಯಸ್ಥನ ಮೋಸ ಎಂಬ ಹಳೆಯ ಕೀಲುಗಳು ಸಡಿಲವಾಗುತ್ತವೆ.

ಬೋಳುವಾರು ಮಹಮ್ಮದ್ ಕುಂಞಿಯವರ ‘ಮುತ್ತುಪ್ಪಾಡಿ’ ಎಂಬ ಊರು ಕಲ್ಪನೆಯದಾದರೂ ಪುತ್ತೂರು-ಬಂಟ್ವಾಳದ ಕಡೆಯ ಓದುಗರಿಗೆ ಅಪರಿಚಿತವೆನಿಸುವುದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ 2016ರ ಪ್ರಶಸ್ತಿಯನ್ನು ಪಡೆದ ಅವರ ‘ಸ್ವಾತಂತ್ರ್ಯದ ಓಟ’ (2012) ದೇಶವಿಭಜನೆಯ ದೂರದ ಬಿರುಗಾಳಿ ಇಂಥ ಊರಿಗೆ ಹೇಗೆ ಬಂದು ಮುಟ್ಟಿತೆಂಬುದನ್ನು ಸಾವಿರಕ್ಕೂ ಹೆಚ್ಚು ಪುಟಗಳಲ್ಲಿ ಹೇಳುತ್ತದೆ. ಬ್ಯಾರಿ ಮಾತಿನ ಕೆಲವು ಸಂಬೋಧನೆಗಳನ್ನೂ ನುಡಿಕಟ್ಟುಗಳನ್ನೂ ಕನ್ನಡದ ವಾಕ್ಯದೊಳಗೆ ಹಾಗೆಯೇ ಇರಿಸಿ, ಅರ್ಥವನ್ನು ಸಂದರ್ಭಕ್ಕೆ ಬಿಡುವ ಬೋಳುವಾರರ ರೀತಿ ಅನುವಾದದ ಹೊಲಿಗೆಯನ್ನು ಮುಚ್ಚದೆ ತೋರಿಸುವಂಥದು. ಈ ಪರಂಪರೆಯಲ್ಲಿ ಇದು ದೊಡ್ಡ ಹೆಜ್ಜೆ.

ಇಲ್ಲಿ ಇನ್ನೊಂದು ಸಾಧನವನ್ನು ನೆನೆಯಬೇಕಾಗುತ್ತದೆ. ಸಾಹಿತ್ಯ ಚರಿತ್ರೆಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. 1970ರ ದಶಕದಿಂದ ಕರಾವಳಿಯ ಯುವಕರು ಕೊಲ್ಲಿ ರಾಷ್ಟ್ರಗಳಿಗೆ ಹೋಗತೊಡಗಿದರು. ಕಾಗದ ಬರೆಯಲು ಬಾರದವರು, ಬರೆದರೂ ಓದಲು ಮನೆಯಲ್ಲಿ ಯಾರೂ ಇಲ್ಲದವರು, ತಮ್ಮ ಮಾತನ್ನು ಧ್ವನಿಸುರುಳಿಯಲ್ಲಿ ತುಂಬಿಸಿ ಊರಿಗೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಮನೆಯವರೆಲ್ಲ ಟೇಪ್ ರೆಕಾರ್ಡರಿನ ಸುತ್ತ ಕುಳಿತು ಕೇಳಿ, ಅದರಲ್ಲೇ ಉತ್ತರ ತುಂಬಿಸಿ ಮರಳಿ ಕಳುಹಿಸುವುದೂ ಇತ್ತು. ಉತ್ತರ ತುಂಬಿಸುವಾಗ ಹಿಂದಿನ ಮಾತು ಅಳಿಸಿಹೋಗುತ್ತಿತ್ತು. ಬ್ಯಾರಿ, ಕೊಂಕಣಿ, ತುಳು ಮಾತಿನ ಒಂದು ದೊಡ್ಡ ಪತ್ರ ಸಾಹಿತ್ಯ ಹೀಗೆ ತನ್ನನ್ನೇ ಅಳಿಸಿಕೊಳ್ಳುತ್ತ ಸಾಗಿತು. ಅದೇ ಕಾಲದ ಕನ್ನಡ ಕಾಗದಗಳಾದರೋ ಹಲವು ಮನೆಗಳ ಪೆಟ್ಟಿಗೆಗಳಲ್ಲಿ ಇಂದಿಗೂ ಉಳಿದಿವೆ.

ಗಣಕದಲ್ಲಿ ಕನ್ನಡ ಬರೆಯುವ ಸೌಕರ್ಯಕ್ಕೂ ಈ ಜಿಲ್ಲೆಗೂ ಹತ್ತಿರದ ನಂಟಿದೆ. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಉಚ್ಚಾರಣೆಯ ಕ್ರಮವನ್ನು ಅನುಸರಿಸಿ ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ ರಾಜ್ಯದಲ್ಲಿ ಬಳಕೆಗೆ ಬಂದಿತು. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರದು. (ಅಕ್ಷರಗಳಿಗೆ ಕೀಲಿ ಕೊಟ್ಟ ಆ ತಂತ್ರಜ್ಞರೇ ಮುಂದೆ ‘ವರ್ಣಕ’ವೆಂಬ ಕಾದಂಬರಿಯನ್ನೂ ಬರೆದರು.) 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನವಿದ್ದರೂ ಸಾಮಾನ್ಯ ಗಣಕಗಳಲ್ಲಿ ಅದು ನೆಲೆಗೊಳ್ಳಲು ಒಂದು ದಶಕಕ್ಕೂ ಮೀರಿ ಹಿಡಿಯಿತು. ಅಲ್ಲಿಯತನಕ ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ‘ಸಂಪದ’ (2005)ದಂಥ ತಾಣಗಳು ಕನ್ನಡದಲ್ಲೇ ಹರಟೆ, ವಾದ, ಕಥೆಗಳಿಗೆ ಜಾಗ ಮಾಡಿಕೊಟ್ಟಾಗ ಬರೆದವರು ಬಹುಮಟ್ಟಿಗೆ ಬೆಂಗಳೂರು ಮತ್ತು ಅಮೆರಿಕದ ತಂತ್ರಜ್ಞರು. ಕನ್ನಡ ಕಥನದಲ್ಲಿ ಅಂತರ್ಜಾಲ ಮೊದಲು ಕಾಣಿಸಿಕೊಂಡದ್ದು ಅವರ ಬದುಕಿನ ಭಾಗವಾಗಿ, ನಗರದ ಒಂಟಿತನದ ಗುರುತಾಗಿ.

ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆಯನ್ನು ತಮ್ಮ ಬರಹದಲ್ಲಿ ಮತ್ತೆ ಮತ್ತೆ ಕಟ್ಟಿದ ಜೋಗಿಯವರ ಒಂದು ಕಥಾಸಂಕಲನದ ಹೆಸರೇ ‘ಫೇಸ್‌ಬುಕ್ ಡಾಟ್ ಕಾಮ್/ಮಾನಸ ಜೋಶಿ’. ವ್ಯಕ್ತಿಯ ಹೆಸರು ಒಂದು ವಿಳಾಸದ ಬಾಲವಾಗಿ ಅಂಟಿಕೊಂಡಿರುವ ಆ ಶೀರ್ಷಿಕೆಯನ್ನು ಅವರ ಹಳೆಯ ಕಥೆಗಳ ಮಳೆ, ತೋಟ, ಹೊಳೆಗಳ ಪಕ್ಕದಲ್ಲಿಟ್ಟು ಓದಿದರೆ ಅಂತರ ಸ್ಪಷ್ಟವಾಗುತ್ತದೆ. ಊರು ನೆನಪಿಗೆ ಸಂದಿದೆ, ಅಂತರ್ಜಾಲ ನಗರಕ್ಕೆ ಸಂದಿದೆ. ಈ ವಿಭಜನೆಯು ಒಬ್ಬ ಲೇಖಕರದಲ್ಲ, ಒಂದು ತಲೆಮಾರಿನದು. ಉತ್ತರ ಕನ್ನಡದ ಮೂಲದ ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ (2021) ಅದನ್ನು ಕಲಕಿದ ಕೃತಿ. ಬೆಂಗಳೂರಿನ ಮಧ್ಯಮವರ್ಗದ ಅಪ್ಪನೊಬ್ಬನು ಊರಿಗೆ ಹೋದ ಮಗಳನ್ನು ಫೋನಿನಲ್ಲಿ ಹಿಡಿಯಲಾರದೆ ಕಂಗಾಲಾಗುತ್ತಾನೆ. ಮನೆತನದ ಹಳೆಯ ಕಾಗದಗಳ ಕೈಬರಹವನ್ನು ಓದಲಾರದೆ ಇನ್ನೊಂದು ಬಗೆಯಲ್ಲಿ ಸೋಲುತ್ತಾನೆ. ಸದಾ ಸಂಪರ್ಕದಲ್ಲಿರುವ ಕಾಲದ ಭಯವನ್ನು ಸಂಪರ್ಕ ತಪ್ಪಿದ ಗಳಿಗೆಯ ಮೂಲಕ ತೋರಿಸಿದ್ದು ಶಾನಭಾಗರ ಜಾಣ್ಮೆ. ಪರದೆಯ ಮೇಲಿನ ಸಂಭಾಷಣೆಗಳನ್ನು ಪುಟಗಟ್ಟಲೆ ಅಚ್ಚು ಹಾಕುವ ಕಾದಂಬರಿಗಳಿಗಿಂತ ಈ ದಾರಿಯೇ ಹೆಚ್ಚು ಫಲ ಕೊಟ್ಟಿದೆ ಎನ್ನಬೇಕು.

ಆದರೆ ಫರಂಗಿಪೇಟೆಯಂಥ ಊರಿನ ವಿಷಯದಲ್ಲಿ ಆ ದಾರಿಯೂ ಅರ್ಧದಲ್ಲೇ ನಿಲ್ಲುತ್ತದೆ. 2013ರಲ್ಲಿ ವಾಟ್ಸ್‌ಆ್ಯಪ್ ಧ್ವನಿಸಂದೇಶದ ಸೌಲಭ್ಯವನ್ನು ಒದಗಿಸಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅಂತರ್ಜಾಲದ ದರ ಕುಸಿಯಿತು. ಅಕ್ಷರದ ಅಂತರ್ಜಾಲ ಯಾರನ್ನು ಹೊರಗಿಟ್ಟಿತ್ತೋ ಅವರನ್ನು ಧ್ವನಿಯ ಅಂತರ್ಜಾಲ ಒಳಗೆ ಕರೆಯಿತು. ಬೀಡಿ ಕಟ್ಟುವ ಹೆಂಗಸು ದುಬೈಯಲ್ಲಿರುವ ಮಗನಿಗೆ ಬ್ಯಾರಿಯಲ್ಲಿ ಮಾತು ಕಳುಹಿಸಬಹುದು. ಕೋಲದ ದಿನ ಕುಟುಂಬದವರಿಗೆಲ್ಲ ತುಳುವಿನಲ್ಲಿ ತಿಳಿಸಬಹುದು. ಮಸ್ಕತ್ತಿನಲ್ಲಿರುವ ಅಣ್ಣನೊಡನೆ ಆಸ್ತಿಯ ಜಗಳವನ್ನು ಕೊಂಕಣಿಯಲ್ಲೇ ಮುಗಿಸಬಹುದು. ಬರೆಯುವವರೂ ತುಳುವನ್ನೋ ಬ್ಯಾರಿಯನ್ನೋ ರೋಮನ್ ಅಕ್ಷರಗಳಲ್ಲಿ ಒತ್ತುತ್ತಾರೆ, ನಡುನಡುವೆ ಕನ್ನಡ ಬರುತ್ತದೆ. ಈ ಮಾತುಗಳನ್ನು ಕಾದಂಬರಿಕಾರನು ಶಿಷ್ಟ ಕನ್ನಡದ ಸಂಭಾಷಣೆಯಾಗಿ ಅಚ್ಚು ಮಾಡಿದೊಡನೆ ಸಾಧನ ಉಳಿಯುತ್ತದೆ, ಬದುಕು ಜಾರುತ್ತದೆ. ಜಗಲಿಯ ಮಾತನ್ನು ಕನ್ನಡಕ್ಕೆ ತಂದಾಗ ಓದುಗನು ಆ ಒಪ್ಪಂದವನ್ನು ಒಪ್ಪಿದ್ದನು, ಏಕೆಂದರೆ ಆಡಿದ ಮಾತಿಗೆ ಬೇರೆ ದಾಖಲೆ ಇರಲಿಲ್ಲ. ಪರದೆಯ ಮೇಲಿನ ಮಾತಿಗೆ ದಾಖಲೆಯಿದೆ, ಅದರ ಲಿಪಿಯೂ ತಪ್ಪುಗಳೂ ಉಸಿರೂ ಕಣ್ಣೆದುರಿಗಿವೆ. ಕರಾವಳಿಯಲ್ಲಿ ಅಂತರ್ಜಾಲದ ಕಾದಂಬರಿ ವಿರಳವಾಗಿರುವುದಕ್ಕೆ ವಸ್ತುವಿನ ಅಭಾವವಾಗಲಿ ಲೇಖಕರ ವಯಸ್ಸಾಗಲಿ ಕಾರಣವಲ್ಲ. ನೂರಿಪ್ಪತ್ತು ವರ್ಷಗಳ ಹಿಂದಿನ ಭಾಷಿಕ ಒಪ್ಪಂದವೊಂದು ಇಲ್ಲಿ ಮುರಿದಿದೆ.

ಒಪ್ಪಂದ ಮುರಿದದ್ದು ಸೌಂದರ್ಯದ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ಹಲವು ಮತಗಳ ಜನ ಒಂದೇ ಪೇಟೆಯಲ್ಲಿ ವ್ಯಾಪಾರ ಮಾಡುವ ಈ ಪ್ರದೇಶದಲ್ಲಿ ಒಂದು ಗುಂಪಿಗಾಗಿ ಆಡಿದ ಮಾತು ಇನ್ನೊಂದು ಗುಂಪಿನ ಕೈಗೆ ಅನುವಾದವಾಗಿ, ಹಿಂದುಮುಂದಿಲ್ಲದೆ ತಲಪುತ್ತದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಸೆಕ್ಷನ್ ಅಂಥ ಮಾತನ್ನು ಅಪರಾಧವಾಗಿಸಬಲ್ಲ ಅಸ್ಪಷ್ಟ ಅಸ್ತ್ರವಾಗಿತ್ತು; ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಅದನ್ನು ರದ್ದುಪಡಿಸಿತು. ಪೌರತ್ವ ಕಾಯಿದೆಯ ತಿದ್ದುಪಡಿಯನ್ನು ವಿರೋಧಿಸುವ ಪ್ರತಿಭಟನೆ ಹಿಂಸೆಗೆ ತಿರುಗಿದಾಗ, 2019ರ ಡಿಸೆಂಬರ್ 19ರ ರಾತ್ರಿಯಿಂದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೊಬೈಲ್ ಅಂತರ್ಜಾಲವನ್ನು 48 ಗಂಟೆಗಳ ಕಾಲ ಸ್ಥಗಿತಗೊಳಿಸಲಾಯಿತು. ಸುಳ್ಳು ಸುದ್ದಿಯನ್ನು ತಡೆಯುವುದು ಆದೇಶದ ಉದ್ದೇಶವಾಗಿತ್ತು. ಮನೆಯವರು ಎಲ್ಲಿದ್ದಾರೆಂಬ ನಿಜವಾದ ಸುದ್ದಿಯೂ ಅದರೊಡನೆ ನಿಂತಿತು. ಆ ಎರಡು ದಿನಗಳಲ್ಲಿ ಜನ ಮತ್ತೆ ಜಗಲಿಗೆ, ರಸ್ತೆಬದಿಗೆ, ಮಾಮೂಲಿ ಫೋನು ಕರೆಗೆ ಮರಳಿದರು. ಗುಲ್ವಾಡಿಯವರ ಕಾಲದ ಕಿವಿಮಾತು ಮತ್ತು ಇಂದಿನ ಪರದೆ ಒಂದೇ ಊರಿನಲ್ಲಿ ಸಂಧಿಸಿದ ಆ 48 ಗಂಟೆಗಳಷ್ಟು ಸಿದ್ಧವಾದ ಸಾಮಗ್ರಿ ಕಾದಂಬರಿಗೆ ಬೇರೆ ಸಿಗಲಾರದು.

ಹೊಸ ರೂಪದ ಕೆಲವು ಸೂಚನೆಗಳು ಕಾದಂಬರಿಯ ಹೊರಗೆ ಕಾಣುತ್ತಿವೆ. 2016ರಲ್ಲಿ ತುಳು ವಿಕಿಪೀಡಿಯ ಸ್ವತಂತ್ರ ತಾಣವಾಯಿತು. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡ್‌ಗೆ ಸೇರಿತು. ಈ ಲಿಪಿಯಲ್ಲಿ ಓದಬಲ್ಲವರು ಎಷ್ಟು ಮಂದಿ ಎಂಬುದು ಬೇರೆ ಮಾತು. ತುಳು, ಕೊಂಕಣಿ, ಬ್ಯಾರಿ ಭಾಷೆಗಳಿಗೆ ರಾಜ್ಯದ ಅಕಾಡೆಮಿಗಳಿವೆ. ಅವು ಪಾಡ್ದನ, ಗಾದೆ, ಹಾಡುಗಳನ್ನು ಸಂಗ್ರಹಿಸುವ ಕೆಲಸವನ್ನು ಮಾಡಿಕೊಂಡು ಬಂದಿವೆ. ಜನರು ತಾವಾಗಿ ಒಪ್ಪಿ ಕೊಡುವುದಾದರೆ, ಕೊಲ್ಲಿಯ ಧ್ವನಿಸುರುಳಿಗಳೂ ಇಂದಿನ ಧ್ವನಿಸಂದೇಶಗಳೂ ಅದೇ ಸಂಗ್ರಹದಲ್ಲಿ ಸೇರತಕ್ಕವು. ಗೋಪಾಲ ನಾಯ್ಕರ ಸಿರಿ ಪಾಡ್ದನ ಉಳಿದದ್ದು ಯಾರೋ ಯಂತ್ರವನ್ನು ಚಾಲೂ ಮಾಡಿ ಎದುರು ಕುಳಿತದ್ದರಿಂದ. ಫರಂಗಿಪೇಟೆಯ ಹಳೆಯ ಫೋನುಗಳಲ್ಲಿರುವ ಮಾತುಗಳಾದರೋ ಪರದೆ ಒಡೆದ ದಿನ ರಿಪೇರಿ ಅಂಗಡಿಯ ಮೇಜಿನ ಮೇಲೆ ಅಳಿಸಿಹೋಗುತ್ತಿವೆ.